ಮನೆಯಲ್ಲೇ ಮಗುವಿಗೆ ಕನ್ನಡ ಓದು ಕಲಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಕಿರಿಯ ಪ್ರಾಥಮಿಕ ತರಗತಿಗಳಲ್ಲಿ ಬಹಳ ಕಾಲ ಕನ್ನಡ ಕಲಿಸಿದ ಕಾರಣಕ್ಕೆ, ಮದುವೆಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರಿಂದ ಹಿಡಿದು ದೂರದೂರುಗಳಿಂದ ಕಾಗದ ಬರೆಯುವವರ ತನಕ ಅನೇಕ ತಂದೆತಾಯಂದಿರು ನನ್ನನ್ನು ಕೇಳುತ್ತ ಬಂದಿರುವ ಪ್ರಶ್ನೆಗಳಿವು. ಪ್ರಶ್ನೆಗಳನ್ನು ಆದಷ್ಟೂ ಅವರ ಮಾತಿನಲ್ಲೇ ಇಟ್ಟಿದ್ದೇನೆ. ಮೂರರಿಂದ ಎಂಟು ವರ್ಷದೊಳಗಿನ ಮಕ್ಕಳ ಕನ್ನಡ ಓದಿನ ವಿಚಾರ ಮಾತ್ರ ಇಲ್ಲಿದೆ.

## ಅಕ್ಷರಕ್ಕೆ ಮೊದಲು

ನಮ್ಮ ಮಗಳಿಗೆ ಈಗಷ್ಟೇ ಮೂರು ತುಂಬಿದೆ. ಪಕ್ಕದ ಮನೆ ಹುಡುಗ ಆಗಲೇ ಅಆಇಈ ಬರೀತಾನೆ. ನಾವು ತಡ ಮಾಡಿದೆವಾ?

ಇಲ್ಲ. ಒಂದನೇ ತರಗತಿಗೆ ಸೇರುವ ಹೊತ್ತಿಗೆ ಮಗುವಿಗೆ ಆರು ವರ್ಷವಾಗಿರುತ್ತದೆ, ಮತ್ತು ಆ ಮೂರು ವರ್ಷಗಳಲ್ಲಿ ಮಗು ಎಷ್ಟು ಅಕ್ಷರ ಬರೆಯಿತು ಎಂಬುದಕ್ಕಿಂತ ಎಷ್ಟು ಮಾತು ಕೇಳಿತು, ಎಷ್ಟು ಮಾತು ಆಡಿತು ಎಂಬುದೇ ಮುಂದಿನ ಓದಿಗೆ ಹೆಚ್ಚು ಒದಗುತ್ತದೆ. 'ಒರಳು' ಎಂಬ ಮಾತನ್ನೇ ಕೇಳಿರದ ಮಗು ಆ ಮೂರು ಅಕ್ಷರಗಳನ್ನು ಕೂಡಿಸಿ ಓದಿದರೂ ಅದರ ಮನಸ್ಸಿನಲ್ಲಿ ಏನೂ ಮೂಡುವುದಿಲ್ಲ. ಮೂರರ ವಯಸ್ಸಿನಲ್ಲಿ ಮಾಡಬೇಕಾದದ್ದು ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ, ಬಸ್ಸಿಗೆ ಕಾಯುವಾಗ ಬಿಡದೆ ಮಾತಾಡುವುದು. ಪಕ್ಕದ ಮನೆಯ ಹುಡುಗ ಬರೆಯುತ್ತಿರುವುದು ಅಕ್ಷರವೋ ಚಿತ್ರವೋ ಎಂಬುದು ಅವನಿಗೂ ಗೊತ್ತಿರುವುದಿಲ್ಲ.

ಬರೀ ಮಾತು, ಆಟ ಅಂದರೆ ಓದು ಹೇಗೆ ಬರುತ್ತೆ ಮೇಡಂ?

ಓದು ಕಣ್ಣಿನ ಕೆಲಸವೆಂದು ನಮಗೆ ತೋರುತ್ತದೆ, ಆದರೆ ಅದು ಮೊದಲಾಗುವುದು ಕಿವಿಯಲ್ಲಿ. 'ಕಮಲ' ಎಂಬುದು ಕ, ಮ, ಲ ಎಂಬ ಮೂರು ತುಂಡುಗಳಾಗಿ ಒಡೆಯುತ್ತದೆ ಎಂದು ಕಿವಿಗೆ ತಿಳಿಯದ ಮಗುವಿಗೆ ಮೂರು ಗುರುತುಗಳನ್ನು ತೋರಿಸಿ ಪ್ರಯೋಜನವಿಲ್ಲ. ಕನ್ನಡದ ಮಟ್ಟಿಗೆ ನಾವು ಅದೃಷ್ಟವಂತರು, ಏಕೆಂದರೆ ನಮ್ಮ ಲಿಪಿಯ ಒಂದೊಂದು ಅಕ್ಷರವೂ ಚಪ್ಪಾಳೆ ತಟ್ಟಿ ಎಣಿಸಬಹುದಾದ ಒಂದೊಂದು ಉಲಿ. ಮಕ್ಕಳ ಹೆಸರುಗಳಿಗೆ ಚಪ್ಪಾಳೆ ತಟ್ಟಿಸಿ. 'ಅರಮನೆ'ಯಲ್ಲಿ 'ಅರ' ತೆಗೆದರೆ ಏನು ಉಳಿಯಿತು, ಅದಕ್ಕೆ 'ಸೆರೆ' ಸೇರಿಸಿದರೆ ಏನಾಯಿತು, 'ಅರಸ'ನ 'ಅ' ಕದ್ದುಕೊಂಡು ಹೋದರೆ ಉಳಿಯುವ 'ರಸ' ಯಾವ ಹಣ್ಣಿನದು ಎಂದು ಕೇಳಿ. ನಾಲ್ಕೂವರೆ, ಐದರ ಹೊತ್ತಿಗೆ ಅಂತ್ಯಾಕ್ಷರಿ ಆಡಬಹುದು. ಹಿಂದುಮುಂದಾಗಿ ಹೇಳಿದರೂ ಒಂದೇ ಆಗುವ ಕನಕ, ಕಿಟಕಿ, ಜಲಜ, ಗದಗಗಳನ್ನು ಹುಡುಕುವ ಆಟ ಇನ್ನೂ ಸ್ವಲ್ಪ ದೊಡ್ಡ ಮಕ್ಕಳಿಗೆ ಹುಚ್ಚು ಹಿಡಿಸುತ್ತದೆ. ಇದಕ್ಕೆಲ್ಲ ಪೆನ್ಸಿಲ್ ಬೇಡ, ಕೆಲಸದ ಮಧ್ಯೆಯೇ ನಡೆಯುತ್ತದೆ.

ದಿನಾ ಓದಿ ಹೇಳಿ ಅಂತೀರಿ. ನನಗೆ ನಾಟಕ ಮಾಡಿ ಕಥೆ ಹೇಳೋಕೆ ಬರಲ್ಲ.

ನಾಟಕ ಬೇಡ. ಮಗುವನ್ನು ತೊಡೆಯ ಮೇಲೋ ಪಕ್ಕದಲ್ಲೋ ಕೂರಿಸಿಕೊಂಡು, ಸಾಲಿನ ಕೆಳಗೆ ಬೆರಳು ಆಡಿಸುತ್ತ, ಪುಸ್ತಕದಲ್ಲಿರುವುದನ್ನು ಇರುವಂತೆಯೇ ನಿಧಾನವಾಗಿ ಓದಿದರೆ ಸಾಕು. ಓದು ಎಡದಿಂದ ಬಲಕ್ಕೆ ಸಾಗುತ್ತದೆ, ಅಪ್ಪನ ಬಾಯಿಂದ ಬರುವ ಮಾತು ಚಿತ್ರದಲ್ಲಿಲ್ಲ, ಆ ಕಪ್ಪು ಗೆರೆಗಳಲ್ಲಿದೆ ಎಂಬ ದೊಡ್ಡ ಸಂಗತಿ ಆ ಬೆರಳಿನಿಂದಲೇ ಮಗುವಿಗೆ ತಿಳಿಯುತ್ತದೆ. ಹತ್ತು ನಿಮಿಷ ಸಾಕು, ಆದರೆ ದಿನವೂ ಬೇಕು. ಒಂದೇ ಪುಸ್ತಕವನ್ನು ಮೂವತ್ತು ಸಲ ಕೇಳಿದರೆ ಮೂವತ್ತು ಸಲವೂ ಓದಿ. ಬೇಸರ ನಮ್ಮದು, ಮಗುವಿನದಲ್ಲ. ಓದಲು ಬಾರದ ಅಜ್ಜಿ ಮನೆಯಲ್ಲಿದ್ದರೆ ಅವರ ಒಗಟು, ಗಾದೆ, ಬಾಯಿಕಥೆಗಳಿಗೂ ಇದೇ ಬೆಲೆಯಿದೆ.

ನಮ್ಮ ಮನೆಮಾತು ತುಳು. ಮಗುವಿಗೆ ಕನ್ನಡವೇ ಸರಿಯಾಗಿ ಬರಲ್ಲ, ಓದು ಹೇಗೆ?

ಕರಾವಳಿಯಿಂದ, ಕೊಡಗಿನಿಂದ, ಲಂಬಾಣಿ ತಾಂಡಾಗಳಿಂದ, ಉರ್ದು ಮತ್ತು ತೆಲುಗು ಮನೆಗಳಿಂದ ಈ ಪ್ರಶ್ನೆ ಬರುತ್ತಲೇ ಇರುತ್ತದೆ. ಮನೆಮಾತನ್ನು ಬಿಟ್ಟು ಮಗುವಿನೊಡನೆ ಹರಕುಮುರುಕು ಕನ್ನಡ ಮಾತಾಡುವ ಅಗತ್ಯ ಖಂಡಿತ ಇಲ್ಲ. ತುಳು, ಕೊಡವ, ಬ್ಯಾರಿ ಭಾಷೆಗಳನ್ನೂ ನಮ್ಮ ರಾಜ್ಯದಲ್ಲಿ ಕೊಂಕಣಿಯನ್ನೂ ಕನ್ನಡ ಲಿಪಿಯಲ್ಲಿ ಬರೆಯುವ ರೂಢಿ ಹೇಗೂ ಇರುವುದರಿಂದ, ಮಗುವಿನ ಮೊದಲ ಓದಿನ ಪದಗಳು ಅದರ ಮನೆಮಾತಿನವೇ ಆಗಿರಬಹುದು. ಗೊತ್ತಿರುವ ಮಾತಿನಲ್ಲಿ ಅಕ್ಷರದ ಗುಟ್ಟು ತಿಳಿದ ಮಗು ಅದೇ ಗುಟ್ಟನ್ನು ಕನ್ನಡಕ್ಕೆ ದಾಟಿಸಿಕೊಳ್ಳುತ್ತದೆ. ಕನ್ನಡದ ಮಾತನ್ನು ಬೇರೆಯಾಗಿ, ಹಾಡು ಮತ್ತು ಕಥೆ ಕೇಳಿಸುವ ಮೂಲಕ, ಜೊತೆಜೊತೆಗೆ ಬೆಳೆಸಬೇಕು.

## ಅಕ್ಷರ, ಕಾಗುಣಿತ, ಒತ್ತು

ಅ ಆ ಇ ಈ ಇಂದಲೇ ಶುರು ಮಾಡಬೇಕಾ? ಶಾಲೆಯಲ್ಲಿ ರ ಗ ಸ ದ ಅಂತ ಏನೋ ಹೇಳ್ತಾರೆ.

ವರ್ಣಮಾಲೆಯ 49 ಅಕ್ಷರಗಳ ಕ್ರಮ ಬಹಳ ಚೆಂದದ ಕ್ರಮ. ಗಂಟಲಿನಿಂದ ತುಟಿಯ ತನಕ ಉಲಿ ಹುಟ್ಟುವ ಜಾಗಗಳನ್ನು ಅನುಸರಿಸಿ ಕ ವರ್ಗದಿಂದ ಪ ವರ್ಗದವರೆಗೆ ಜೋಡಿಸಿದ ಆ ಬುದ್ಧಿವಂತಿಕೆಗೆ ನಾನು ಇಂದಿಗೂ ತಲೆದೂಗುತ್ತೇನೆ. ಆದರೆ ಅದು ಭಾಷೆಯನ್ನು ಬಲ್ಲವರು ಭಾಷೆಯನ್ನು ಅರಿಯಲು ಮಾಡಿಕೊಂಡ ಕ್ರಮವೇ ಹೊರತು ಐದು ವರ್ಷದ ಮಗು ಓದಲು ಕಲಿಯುವ ಕ್ರಮವಲ್ಲ. ಆ ಹಾದಿಯಲ್ಲಿ ಹೋದ ಮಗು ಬರೆಯಲು ಬಲು ಕಷ್ಟವಾದ 'ಅ, ಆ'ಗಳಿಂದ ಆರಂಭಿಸಿ, ಋಷಿಯ ಚಿತ್ರವೊಂದಕ್ಕೇ ಮೀಸಲಾದ 'ಋ'ವನ್ನೂ ಯಾವ ಪದದ ಮೊದಲಿಗೂ ಬಾರದ ಙ, ಞ, ಣಗಳನ್ನೂ ದಾಟಿ, ತಿಂಗಳುಗಟ್ಟಲೆ ಒಂದು ಪದವನ್ನೂ ಓದದೆ ಕಳೆಯುತ್ತದೆ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ ಮುಂದೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಹರಡಿದ ನಲಿಕಲಿ ಪದ್ಧತಿಯಲ್ಲಿ ಮಕ್ಕಳು ರ, ಗ, ಸ, ದ, ಅ ಎಂಬ ಐದು ಅಕ್ಷರಗಳಿಂದ ತೊಡಗುತ್ತಾರೆ. ಈ ಐದರಿಂದಲೇ ಅರಸ, ಅಗಸ, ಸರ, ರಸ, ದರ, ಗರಗಸ, ಸರಸರ ಎಂಬಷ್ಟು ಪದಗಳು ಹುಟ್ಟುತ್ತವೆ. ಮುಂದಿನ ಜ, ವ, ಮ, ಬ, ನ ಸೇರಿದೊಡನೆ 'ನಗರದ ಜನ', 'ಬಸವನ ಗರಗಸ', 'ಅರಸರ ವನ' ಎಂದು ಎರಡು ಪದಗಳ ಸಾಲನ್ನೇ ಮಗು ತಾನಾಗಿ ಓದಬಲ್ಲದು. ಹತ್ತು ಅಕ್ಷರ ಬಂದ ವಾರವೇ 'ನನಗೆ ಓದಲು ಬರುತ್ತದೆ' ಎಂದು ಮಗುವಿಗೆ ಅನ್ನಿಸಿಬಿಟ್ಟರೆ, ಉಳಿದ 39 ಅಕ್ಷರಗಳ ಭಾರ ಅರ್ಧಕ್ಕಿಳಿಯುತ್ತದೆ. ಅಜ್ಜಅಜ್ಜಿಯರು ಅಆಇಈ ಹಾಡಿಸಿದರೆ ಹಾಡಿಸಲಿ, ಅದು ಹಾಡಾಗಿ ಇರುತ್ತದೆ. ಓದಿಗೆ ಮಾತ್ರ ಈ ಕ್ರಮ ಹಿಡಿಯಿರಿ. ಮಗುವಿನ ಹೆಸರಿನ ಮೊದಲ ಅಕ್ಷರವನ್ನು ಮಾತ್ರ ಯಾವ ಕ್ರಮಕ್ಕೂ ಕಾಯಿಸದೆ ಮೊದಲ ದಿನವೇ ಕಲಿಸಿ.

ಓದು, ಬರಹ ಒಟ್ಟಿಗೇ ಕಲಿಸಬೇಕಾ?

ಬರಹ ಓದಿನ ಹಿಂದೆ ಬರಲಿ. ನಾಲ್ಕು ವರ್ಷದ ಬೆರಳಿನ ಸ್ನಾಯುಗಳಿಗೆ ಕನ್ನಡದ ಸುರುಳಿಗಳು ಸುಲಭವಲ್ಲ. ಮಣೆಯ ಮೇಲಿನ ರಾಗಿಹಿಟ್ಟು, ಅಂಗಳದ ಮರಳು, ಗೋಡೆಯ ಮೇಲೆ ಒದ್ದೆ ಬ್ರಷ್ಷು ಇವು ಎರಡು ಗೆರೆ ಪುಸ್ತಕಕ್ಕಿಂತ ಒಳ್ಳೆಯವು. ಒಂದೇ ಅಕ್ಷರವನ್ನು ಒಂದು ಪುಟ ತುಂಬ ತಿದ್ದಿಸುವುದರಿಂದ ಹತ್ತನೆಯ ಸಾಲಿನ ಹೊತ್ತಿಗೆ ಅಕ್ಷರ ಕೆಡುತ್ತದೆ, ಮಗುವಿನ ಮುಖವೂ ಕೆಡುತ್ತದೆ.

ಪ ಮತ್ತು ಷ, ದ ಮತ್ತು ಡ, ಥ ಮತ್ತು ಧ ಎಲ್ಲ ಕಲಸಿಬಿಡ್ತಾನೆ.

ಕಲಸುವುದು ಸಹಜ, ಏಕೆಂದರೆ ಅವು ನಿಜವಾಗಿಯೂ ಒಂದೇ ಬಗೆಯಾಗಿ ಕಾಣುತ್ತವೆ. ಮಾಡಬಾರದ ಕೆಲಸವೆಂದರೆ ಅವಳಿಗಳನ್ನು ಒಂದೇ ದಿನ ಕಲಿಸುವುದು. 'ದ' ಚೆನ್ನಾಗಿ ನೆಲೆಯೂರಿ ಎರಡು ವಾರವಾದ ಮೇಲೆ 'ಡ' ಬರಲಿ, ಆಮೇಲೆ ಎರಡನ್ನೂ ಎದುರುಬದುರಾಗಿ ಇಟ್ಟು ವ್ಯತ್ಯಾಸ ಎಲ್ಲಿದೆ ಎಂದು ಮಗುವೇ ಬೆರಳಿಟ್ಟು ತೋರಿಸಲಿ. ಮಕ್ಕಳು ತಾವೇ ಕಂಡುಕೊಳ್ಳುವ ಗುರುತುಗಳು ನಮ್ಮ ವಿವರಣೆಗಿಂತ ಗಟ್ಟಿ. 'ಪ'ಗೆ ಹೊಟ್ಟೆಯೊಳಗೆ ಕಡ್ಡಿ ಹೊಕ್ಕರೆ 'ಷ' ಎಂದು ಒಬ್ಬಳು ನನಗೇ ಕಲಿಸಿದ್ದಳು.

ಕಾಗುಣಿತ ಪೂರ್ತಿ ಬಾಯಿಪಾಠ ಹೇಳ್ತಾಳೆ, ಆದರೆ 'ಕೋಳಿ' ಅಂತ ಬರೆದು ತೋರಿಸಿದರೆ ಓದಲ್ಲ. ಯಾಕೆ?

ಏಕೆಂದರೆ ಅವಳು ಕಲಿತಿರುವುದು ರಾಗ. 'ಕಕ್ಕೆ ಇಳಿ ಕಾ, ಕಕ್ಕೆ ಗುಡಿಸು ಕಿ, ಗುಡಿಸಿನ ದೀರ್ಘ ಕೀ' ಎಂದು ಒಂದರ ಬಾಲ ಇನ್ನೊಂದು ಹಿಡಿದುಕೊಂಡು ಬರುವ ಸಾಲಿನಲ್ಲಿ ಹನ್ನೆರಡನೆಯದಾದ 'ಕೋ'ವನ್ನು ಮುಟ್ಟಲು ಅವಳು ಮೊದಲಿನಿಂದ ಹಾಡಿಕೊಂಡೇ ಬರಬೇಕು. 34 ವ್ಯಂಜನಗಳಿಗೆ 13 ಸ್ವರಗಳನ್ನು ಕೂಡಿಸಿದರೆ 442 ರೂಪಗಳಾಗುತ್ತವೆ. ಅಷ್ಟನ್ನೂ ಒಂದೊಂದಾಗಿ ನೆನಪಿಡುವ ಮಗು ಇಲ್ಲ. ಕಲಿಯಬೇಕಾದದ್ದು ಇಳಿ, ಗುಡಿಸು, ಕೊಂಬು, ಏತ್ವ, ಓತ್ವ ಮೊದಲಾದ ಹನ್ನೆರಡು ಗುರುತುಗಳನ್ನು. ಒಂದು ಗುರುತು ಕಲಿತೊಡನೆ ಅದನ್ನು ಗೊತ್ತಿರುವ ಎಲ್ಲ ಅಕ್ಷರಗಳಿಗೂ ಹಚ್ಚಿ ಓದಬೇಕು. ಅಂದರೆ ಕಾ, ಕಿ, ಕೀ ಎಂದು ಅಡ್ಡಕ್ಕೆ ಹೋಗುವ ಬದಲು ಕಾ, ಗಾ, ರಾ, ಸಾ, ಮಾ ಎಂದು ಕೆಳಕ್ಕೆ ಇಳಿಯಬೇಕು.

ಗುರುತಿನಿಂದ ಅರ್ಥ ಬದಲಾಗುವ ಜೋಡಿಗಳನ್ನು ಚೀಟಿಗಳಲ್ಲಿ ಬರೆದಿಟ್ಟುಕೊಳ್ಳಿ: ಬಳೆ-ಬಾಳೆ, ನರಿ-ನಾರಿ, ಬೆಳೆ-ಬೇಳೆ, ಕೆರೆ-ಕೇರೆ, ಕೊಡು-ಕೋಡು, ಬಿಡು-ಬೀಡು. 'ಅಮ್ಮ ಸಾರಿಗೆ ಬೆಳೆ ಹಾಕಿದಳು' ಎಂದು ಬರೆದು ತೋರಿಸಿದರೆ ಮಗು ಬಿದ್ದುಬಿದ್ದು ನಗುತ್ತದೆ, ದೀರ್ಘದ ಗುರುತನ್ನು ಆಮೇಲೆ ಮರೆಯುವುದಿಲ್ಲ. ಗುರುತು ಎಲ್ಲ ಅಕ್ಷರಕ್ಕೂ ಒಂದೇ ಕಡೆ ಕೂರುವುದಿಲ್ಲ ಎಂಬುದೂ ನೆನಪಿರಲಿ. 'ಕು'ವಿನಲ್ಲಿ ಪಕ್ಕಕ್ಕಿರುವ ಕೊಂಬು 'ಪು, ವು'ಗಳಲ್ಲಿ ಬುಡಕ್ಕೆ ಇಳಿಯುತ್ತದೆ, ಹೀಗಾಗಿ 'ವು' ಕಂಡರೆ 'ಮ' ಎನ್ನುವ ಮಕ್ಕಳು ಬಹಳ. ಅವರ ಕಣ್ಣು ಚುರುಕಾಗಿದೆ ಎಂದೇ ಅರ್ಥ.

ಸೊನ್ನೆ ಒಂದೊಂದು ಕಡೆ ಒಂದೊಂದು ತರಹ ಕೇಳಿಸುತ್ತಲ್ಲ, ಹೇಗೆ ಹೇಳಿಕೊಡೋದು?

ಅಂಗಡಿ, ಮಂಚ, ಗಂಟೆ, ತಂದೆ, ಕಂಬ ಎಂದು ಮೆಲ್ಲಗೆ ಹೇಳಿ ನೋಡಿ. ಮೊದಲ ನಾಲ್ಕರಲ್ಲಿ ನಾಲಿಗೆ ಬೇರೆ ಬೇರೆ ಜಾಗಕ್ಕೆ ಹೋಗುತ್ತದೆ, 'ಕಂಬ'ದಲ್ಲಿ ತುಟಿಗಳು ಕೂಡುತ್ತವೆ. ಮಗುವಿಗೆ ನಿಯಮ ಬೇಡ. ಮುಂದಿನ ಅಕ್ಷರವನ್ನು ಸೇರಿಸಿ ಹೇಳಿದರೆ ಬಾಯಿ ತಾನಾಗಿ ಅದಕ್ಕೆ ಹೊಂದಿಕೊಳ್ಳುತ್ತದೆ.

ಮಹಾಪ್ರಾಣ ಉಚ್ಚಾರವೇ ಬರಲ್ಲ. 'ಧನ' ಅಂದರೂ 'ದನ' ಅಂತಾನೆ. ಹಕ್ಕಿಗೆ ಅಕ್ಕಿ ಅಂತಾನೆ.

ಮನೆಯಲ್ಲಿ ಎಲ್ಲರೂ ಹಾಗೆಯೇ ಮಾತಾಡುತ್ತಿದ್ದರೆ ಮಗು ಬೇರೆ ಹೇಗೆ ಮಾತಾಡಬೇಕು? ಕನ್ನಡದ ದಿನಬಳಕೆಯ ಪದಗಳಲ್ಲಿ ಮಹಾಪ್ರಾಣ ಬಹಳ ಕಡಿಮೆ, ಆದ್ದರಿಂದ ಖ, ಘ, ಛ, ಝ, ಠ, ಢಗಳನ್ನು ಕೊನೆಗೆ ಇಟ್ಟುಕೊಂಡರೆ ಓದಿಗೆ ಏನೂ ನಷ್ಟವಿಲ್ಲ. ಹಕಾರದ ವಿಷಯ ಸ್ವಲ್ಪ ಬೇರೆ, ಅಲ್ಲಿ ಹಕ್ಕಿಯೇ ಅಕ್ಕಿಯಾಗಿಬಿಡುತ್ತದೆ. ಬರೆದ ಪದವನ್ನು ನೋಡಿ ಮಗು ಚಿತ್ರದ ಹಕ್ಕಿಗೆ ಬೆರಳಿಟ್ಟರೆ ಅದು ಸರಿಯಾಗಿ ಓದಿದೆ. ಬಾಯಿ ನಿಧಾನವಾಗಿ ತಿದ್ದಿಕೊಳ್ಳುತ್ತದೆ. ಉಚ್ಚಾರವನ್ನು ಗೇಲಿ ಮಾಡಿದ ಮನೆಯಲ್ಲಿ ಮಗು ಗಟ್ಟಿಯಾಗಿ ಓದುವುದನ್ನೇ ನಿಲ್ಲಿಸುತ್ತದೆ, ಇದನ್ನು ನಾನು ಹಲವು ಸಲ ಕಂಡಿದ್ದೇನೆ.

ಒತ್ತಕ್ಷರ ಬಂದ ತಕ್ಷಣ ನಿಂತುಬಿಡ್ತಾಳೆ. ಎರಡನೇ ತರಗತಿ ಮುಗೀತಾ ಬಂತು.

ಈ ಪ್ರಶ್ನೆ ಕೇಳದ ಪೋಷಕರು ನನಗೆ ಸಿಕ್ಕಿಲ್ಲ. ಕನ್ನಡ ಓದುವ ಮಕ್ಕಳನ್ನು ಕುರಿತು ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ನಮ್ಮ ಅಕ್ಷರಗಳ ಕಲಿಕೆ ಮೊದಲೆರಡು ವರ್ಷಗಳಲ್ಲಿ ಮುಗಿಯುವಂಥದ್ದಲ್ಲ, ಅದು ಪ್ರಾಥಮಿಕ ತರಗತಿಗಳ ಉದ್ದಕ್ಕೂ ಚಾಚಿಕೊಳ್ಳುತ್ತದೆ ಎಂದೇ ತೋರಿಸಿತು. ಮೂರನೆಯ ತರಗತಿಯಲ್ಲೂ ಒತ್ತಕ್ಷರಕ್ಕೆ ಎಡವುವ ಮಗು ದಡ್ಡ ಮಗುವಲ್ಲ.

ಎಡವಲು ಕಾರಣ ಸ್ಪಷ್ಟವಾಗಿದೆ. ಕನ್ನಡದಲ್ಲಿ ಬರೆದ ಕ್ರಮ ಮತ್ತು ಉಲಿಯುವ ಕ್ರಮ ಎಲ್ಲೆಡೆ ಒಂದೇ ಆಗಿರುವುದಿಲ್ಲ. 'ಅಕ್ಕಿ' ಎಂಬಲ್ಲಿ ಗುಡಿಸು ಮೇಲಿನ ಕಕಾರಕ್ಕೆ ಅಂಟಿಕೊಂಡಿದೆ, ಆದರೆ ಅದರ ಉಲಿ ಕೆಳಗಿನ ಒತ್ತಿನ ಅನಂತರ ಬರುತ್ತದೆ. ಕಂಡದ್ದನ್ನು ಕಂಡಂತೆ ಓದಿದ ಮಗು 'ಅಕಿಕ' ಎನ್ನುತ್ತದೆ. 'ಪ್ರೀತಿ' ಅದೇ ಕಾರಣಕ್ಕೆ 'ಪೀರತಿ' ಆಗುತ್ತದೆ. ಅರ್ಕಾವೊತ್ತು ಇನ್ನೂ ವಿಚಿತ್ರ: 'ಸೂರ್ಯ' ಎಂಬಲ್ಲಿ ಮೊದಲು ಕೇಳಿಸುವ ರಕಾರ ಯಕಾರದ ಹಿಂದೆ ಹೋಗಿ ಕುಳಿತಿರುತ್ತದೆ. ಈ ಮೂರನ್ನೂ ಒಂದೇ ಗಂಟಾಗಿ ಕಟ್ಟಿ 'ಒತ್ತಕ್ಷರ' ಎಂಬ ಒಂದು ಪಾಠ ಮಾಡಿದರೆ ಯಾರಿಗಾದರೂ ತಲೆ ಕೆಡುತ್ತದೆ.

ನಾನು ಹಿಡಿಯುವ ದಾರಿ ಮನೆಯೊಳಗಿನಿಂದ ಹೊರಡುತ್ತದೆ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಅಜ್ಜ, ಅತ್ತೆ, ದೊಡ್ಡಪ್ಪ, ಚಿಕ್ಕಮ್ಮ, ಹೀಗೆ ನಮ್ಮ ನೆಂಟರ ಹೆಸರುಗಳಲ್ಲಿ ಹೆಚ್ಚಿನವು ಒಂದೇ ಅಕ್ಷರ ಇಮ್ಮಡಿಯಾದ ಪದಗಳು. ಮನೆಯ ಫೋಟೊಗಳ ಕೆಳಗೆ ಈ ಹೆಸರುಗಳನ್ನು ಬರೆದು ಅಂಟಿಸಿದರೆ ಸಜಾತಿ ಒತ್ತುಗಳ ಪಾಠ ಮುಕ್ಕಾಲು ಮುಗಿಯಿತು. ಆಮೇಲೆ ಕತೆ-ಕತ್ತೆ, ಹಳಿ-ಹಳ್ಳಿ ಎಂಬ ಜೋಡಿಗಳು. ಹೆಚ್ಚಿನ ಒತ್ತುಗಳು ತಲೆಕಟ್ಟು ಕಳೆದ ಅಕ್ಷರದ ಮರಿಯಂತೆಯೇ ಇರುತ್ತವೆ. ತ, ನ, ಮ, ಯ, ರ, ಲ ಈ ಆರರ ಒತ್ತುಗಳು ಮಾತ್ರ ವೇಷ ಬದಲಿಸುವುದರಿಂದ ಅವನ್ನು ಬೇರೆಯಾಗಿ ಗುರುತು ಮಾಡಿಕೊಡಬೇಕು. ಪುಸ್ತಕ, ಚಕ್ರ, ಸ್ಕೂಲು ಮುಂತಾದ ವಿಜಾತಿ ಒತ್ತುಗಳು ಇದಾದ ಮೇಲೆ, ಅರ್ಕಾವೊತ್ತು ಎಲ್ಲಕ್ಕಿಂತ ಕೊನೆಗೆ.

## ಓದು ಹರಿಯುವಾಗ

ಓದ್ತಾನೇ ಇಲ್ಲ, ಪುಸ್ತಕ ಬಾಯಿಪಾಠ ಮಾಡಿಕೊಂಡು ಓದಿದ ಹಾಗೆ ನಾಟಕ ಮಾಡ್ತಾನೆ!

ಸಂತೋಷಪಡಿ. ಮಾತು ಪುಟದಲ್ಲಿ ಅಡಗಿದೆ ಎಂದು ಅವನಿಗೆ ತಿಳಿದಿದೆ. ಅವನು ಹೇಳುವ ಸಾಲಿಗೆ ಅವನ ಬೆರಳನ್ನೇ ಹಿಡಿದು ಪದಪದಕ್ಕೂ ಇಡಿಸಿ. ಬಾಯಿ ಮುಂದೆ ಹೋಗಿ ಬೆರಳು ಹಿಂದೆ ಉಳಿದಾಗ ಅವನೇ ನಿಂತು ನೋಡುತ್ತಾನೆ, ನಿಜವಾದ ಓದು ಅಲ್ಲಿ ಶುರುವಾಗುತ್ತದೆ.

ತಪ್ಪು ಓದಿದರೆ ಆಗಲೇ ತಿದ್ದಬೇಕಾ, ಬಿಟ್ಟುಬಿಡಬೇಕಾ?

ಸಾಲು ಮುಗಿಯುವ ತನಕ ಸುಮ್ಮನಿರಿ. ಅರ್ಥ ಕೆಟ್ಟಿದ್ದರೆ ಅನೇಕ ಸಲ ಮಗುವೇ ಹಿಂದಿರುಗಿ ಸರಿಪಡಿಸಿಕೊಳ್ಳುತ್ತದೆ. ಸರಿಪಡಿಸಿಕೊಳ್ಳದಿದ್ದರೆ 'ಕೇರೆಯಲ್ಲಿ ನೀರಿತ್ತಾ?' ಎಂದು ಅದರ ಓದನ್ನೇ ಕೇಳಿಸಿ. 'ಮನೆಗೆ' ಎಂಬುದನ್ನು 'ಮನೀಗೆ' ಎಂದರೆ ಅದು ತಪ್ಪಲ್ಲ, ಅದು ನಿಮ್ಮ ಊರಿನ ಕನ್ನಡ. ಒಂದು ಪುಟದಲ್ಲಿ ಐದಾರು ಕಡೆಗಿಂತ ಹೆಚ್ಚು ಎಡವುತ್ತಿದ್ದರೆ ಮಗುವನ್ನಲ್ಲ, ಪುಸ್ತಕವನ್ನು ಬದಲಿಸಿ.

ಸರಾಗ ಓದ್ತಾಳೆ, ಏನು ಓದಿದೆ ಅಂದರೆ ಬಾಯಿ ಬಿಡಲ್ಲ.

ಕನ್ನಡದಲ್ಲಿ ಈ ಮೋಸಕ್ಕೆ ಅವಕಾಶ ಹೆಚ್ಚು. ಬರೆದಂತೆಯೇ ಓದುವ ಲಿಪಿಯಾದ್ದರಿಂದ ಅಕ್ಷರ ಬಲ್ಲ ಮಗು ಅರ್ಥವಾಗದ ಪುಟವನ್ನೂ ಗಟ್ಟಿಯಾಗಿ ಓದಿಬಿಡುತ್ತದೆ, ನಾವು ಮೆಚ್ಚಿ ತಲೆಯಾಡಿಸುತ್ತೇವೆ. ಕಾರಣ ಎರಡಿರಬಹುದು. ಎಲ್ಲ ಗಮನವೂ ಅಕ್ಷರ ಕೂಡಿಸುವುದಕ್ಕೇ ಖರ್ಚಾಗುತ್ತಿರಬಹುದು. ಹಾಗಿದ್ದರೆ ಅದೇ ಪುಟವನ್ನು ನೀವೊಮ್ಮೆ ಓದಿ, ಆಮೇಲೆ ಅವಳು ಓದಲಿ. ಇಲ್ಲವೇ ಪುಸ್ತಕದ ಭಾಷೆಯೇ ಅವಳಿಗೆ ಹೊಸದಾಗಿರಬಹುದು. ಮನೆಯಲ್ಲಿ 'ಹೋಗ್ತೀನಿ' ಅಥವಾ 'ಹೊಂಟೇನಿ' ಎಂದು ಕೇಳಿದ ಕಿವಿಗೆ ಪುಸ್ತಕದ 'ಹೋಗುತ್ತೇನೆ' ಬೇರೆ ಭಾಷೆಯಂತೆಯೇ. ಆಗ ಓದಿದ್ದನ್ನು ತನ್ನ ಮಾತಿನಲ್ಲಿ ತಮ್ಮನಿಗೆ ಹೇಳಲು ಬಿಡಿ. 'ಇದರಿಂದ ಏನು ಕಲಿತೆ' ಎಂದು ಮಾತ್ರ ಪ್ರತಿ ಕಥೆಯ ಕೊನೆಗೆ ಕೇಳಬೇಡಿ, ಆ ಪ್ರಶ್ನೆಗೆ ಹೆದರಿ ಪುಸ್ತಕ ಬಿಟ್ಟ ಮಕ್ಕಳಿದ್ದಾರೆ.

ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿದ್ದೇವೆ. ಎರಡು ಲಿಪಿ ಒಟ್ಟಿಗೆ ಕಲಿತರೆ ಗೊಂದಲ ಆಗಲ್ಲವಾ?

2015ರ ಕನ್ನಡ ಭಾಷಾ ಕಲಿಕೆ ಕಾಯ್ದೆಯ ಪ್ರಕಾರ ರಾಜ್ಯದ ಶಾಲೆಗಳಲ್ಲಿ ಕನ್ನಡ ಹೇಗೂ ಇರಲೇಬೇಕು, ಆದರೆ ವಾರಕ್ಕೆ ಕೆಲವೇ ಪಿರಿಯಡ್ಡುಗಳಲ್ಲಿ ಓದು ಹರಿಯುವಷ್ಟು ಅಭ್ಯಾಸ ಸಿಗುವುದಿಲ್ಲ, ಅದನ್ನು ಮನೆ ತುಂಬಬೇಕು. ಗೊಂದಲದ ಭಯ ಬೇಡ. ಕನ್ನಡದಲ್ಲಿ ಅಕ್ಷರದ ಹೆಸರೂ ಉಲಿಯೂ ಒಂದೇ, ಇಂಗ್ಲಿಷಿನಲ್ಲಿ ಹಾಗಲ್ಲ. ಆದ್ದರಿಂದ 'ಓದುವುದೆಂದರೆ ಉಲಿಗಳನ್ನು ಕೂಡಿಸುವುದು' ಎಂಬ ಗುಟ್ಟು ಕನ್ನಡದಲ್ಲಿ ಬೇಗ ತಿಳಿಯುತ್ತದೆ. ಒಂದೇ ಕೂರಿಕೆಯಲ್ಲಿ ಎರಡನ್ನೂ ಬೆರೆಸದಿದ್ದರೆ ಸಾಕು.

ನಾವಿರೋದು ಹೊರದೇಶದಲ್ಲಿ. ಸುತ್ತ ಒಂದು ಕನ್ನಡ ಬೋರ್ಡೂ ಇಲ್ಲ.

ಊರಿನ ಮಕ್ಕಳಿಗೆ ಹಾಲಿನ ಪೊಟ್ಟಣದ 'ನಂದಿನಿ'ಯೂ ಕೆಂಪು ಬಸ್ಸಿನ ಬೋರ್ಡೂ ಕೇಳದೆ ಸಿಗುವ ಪಾಠ. ಹಾಸನ, ಸಾಗರ, ಉಡುಪಿ, ಕಾರವಾರ, ಬೇಲೂರು ಎಲ್ಲವೂ ಒತ್ತಿಲ್ಲದ ಊರುಗಳು, ಬಸ್‌ನಿಲ್ದಾಣದಲ್ಲಿ ಅರ್ಧ ಗಂಟೆ ಕಾದರೆ ಒಂದು ವಾರದ ಓದು ಮುಗಿಯುತ್ತದೆ. ನಿಮ್ಮಲ್ಲಿ ಅದನ್ನು ಕೈಯಾರೆ ಮಾಡಿಕೊಳ್ಳಬೇಕು: ಸಾಸಿವೆ, ಜೀರಿಗೆ, ರಾಗಿ ಡಬ್ಬಿಗಳಿಗೆ ಚೀಟಿ, ಅಂಗಡಿಗೆ ಹೋಗುವ ಪಟ್ಟಿ ಕನ್ನಡದಲ್ಲಿ, ಅಜ್ಜನಿಂದ ದಿನಕ್ಕೊಂದು ಸಾಲಿನ ಸಂದೇಶ. ಓದಿದರೆ ಮಾತ್ರ ಸಂಗತಿ ತಿಳಿಯುವಂತಿರಬೇಕು, ಆಗ ಮಗು ಓದುತ್ತದೆ.

ಮಕ್ಕಳ ಪುಸ್ತಕ ಎಲ್ಲಿ ಸಿಗುತ್ತೆ? ಎಲ್ಲ ದುಬಾರಿ.

ದುಬಾರಿಯಲ್ಲದವೂ ಇವೆ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕಥೆಗಳು ಓದಿನ ಹಂತಗಳ ಪ್ರಕಾರ ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂಬಹುದು. ನ್ಯಾಷನಲ್ ಬುಕ್ ಟ್ರಸ್ಟ್ ಮತ್ತು ನವಕರ್ನಾಟಕದ ಮಕ್ಕಳ ಪುಸ್ತಕಗಳು ಕೈಗೆಟಕುವ ಬೆಲೆಯವು. ಹಳ್ಳಿಗಳಲ್ಲಿರುವವರು ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ ಹೋಗಿ ನೋಡಿ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮ ಮಕ್ಕಳನ್ನು ಅಲ್ಲಿಗೆ ಕರೆತರಲೆಂದೇ ಹುಟ್ಟಿದ್ದು. ಕೊಳ್ಳುವಾಗ ಪುಟಕ್ಕೆ ಎರಡೇ ಸಾಲಿರುವ, ಅಕ್ಷರ ದೊಡ್ಡದಿರುವ ಪುಸ್ತಕ ಆರಿಸಿ. ಫೋನಿನ ಪರದೆಗಿಂತ ಕಾಗದದ ಪುಟ ಮೇಲು ಎಂಬುದು ನನ್ನ ಅನಿಸಿಕೆ, ಏಕೆಂದರೆ ಅಲ್ಲಿ ಬೆರಳಿಟ್ಟರೆ ಬೇರೆ ಏನೂ ತೆರೆದುಕೊಳ್ಳುವುದಿಲ್ಲ.

ಎಷ್ಟು ಮಾಡಿದರೂ ಓದು ಬರ್ತಿಲ್ಲ. ಡಿಸ್ಲೆಕ್ಸಿಯಾ ಅಂತಾರಲ್ಲ, ಆ ಓದಿನ ತೊಡಕು ಇರಬಹುದಾ?

ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಕನ್ನಡಕವೊಂದರಿಂದ ಪರಿಹಾರವಾದ ಓದಿನ ತೊಂದರೆಗಳಿವೆ. ಒಂದನೇ ತರಗತಿಯ ನಿಧಾನವನ್ನು ಕಾಯಿಲೆ ಎನ್ನಬೇಡಿ. ಆದರೆ ಎರಡು ವರ್ಷ ಸರಿಯಾದ ಕಲಿಕೆ ಸಿಕ್ಕ ಮೇಲೂ, ಮಾತಿನಲ್ಲಿ ಚುರುಕಾಗಿರುವ ಮಗು ಗೊತ್ತಿದ್ದ ಅಕ್ಷರವನ್ನೇ ಮರುದಿನ ಮರೆಯುತ್ತಿದ್ದರೆ, ಹ್ರಸ್ವದೀರ್ಘಗಳನ್ನೂ ಒತ್ತುಗಳನ್ನೂ ಸದಾ ಕೈಬಿಡುತ್ತಿದ್ದರೆ, ಪದವನ್ನು ಚಪ್ಪಾಳೆಗೆ ಒಡೆಯಲೂ ಆಗದಿದ್ದರೆ ತಜ್ಞರಿಗೆ ತೋರಿಸಬೇಕು. ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಳಲ್ಲಿ ತಪಾಸಣೆ ಮಾಡುತ್ತಾರೆ. ಪರೀಕ್ಷೆಯನ್ನು ಮಗುವಿನ ಕಲಿಕೆಯ ಭಾಷೆಯಾದ ಕನ್ನಡದಲ್ಲೂ ಮಾಡಬೇಕೆಂದು ಕೇಳಿ. ಡಿಸ್ಲೆಕ್ಸಿಯಾವೂ ಸೇರಿದ 'ಕಲಿಕೆಯ ನಿರ್ದಿಷ್ಟ ನ್ಯೂನತೆ' 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪಟ್ಟಿಯಲ್ಲಿದೆ, ಹಾಗಾಗಿ ಪ್ರಮಾಣಪತ್ರ ಪಡೆದರೆ ಮುಂದೆ ಪರೀಕ್ಷೆಗಳಲ್ಲಿ ರಿಯಾಯಿತಿ ಕೇಳಲು ದಾರಿಯಾಗುತ್ತದೆ.

ಈಗ ಅವಳೇ ಓದ್ತಾಳೆ. ಇನ್ನು ಓದಿ ಹೇಳೋದು ನಿಲ್ಲಿಸಬಹುದಾ?

ನಿಲ್ಲಿಸಬೇಡಿ. ಏಳು ವರ್ಷದ ಮಗು ತಾನಾಗಿ ಓದಬಲ್ಲ ಪುಸ್ತಕ ಚಿಕ್ಕದು, ಕೇಳಿ ತಿಳಿಯಬಲ್ಲ ಕಥೆ ದೊಡ್ಡದು. ಅದರ ಕಣ್ಣು ಕಿವಿಯನ್ನು ಹಿಡಿಯಲು ಇನ್ನೂ ಕೆಲವು ವರ್ಷ ಬೇಕು. ಒಂದು ಪುಟ ನೀವು, ಒಂದು ಪುಟ ಅವಳು ಎಂದು ಹಂಚಿಕೊಳ್ಳಿ. ಕಥೆ ಬಿಗಿಯಾದ ಕಡೆ ಅವಳು ನಿಮ್ಮ ಸರದಿಯನ್ನೂ ಕಿತ್ತುಕೊಂಡು ಓದುತ್ತಾಳೆ, ಆಗ ಕೊಟ್ಟುಬಿಡಿ.